ಅಪ್ಪ ಸೇರಿದ ಮೂರು ಕ್ಲಾಸನ್ನೂ ಬಿಟ್ಟರು. ಒತ್ತಾಯ ಮಾಡಲಾ, ಸುಮ್ಮನಿರಲಾ?

ನಡುವಿನ ಮಗಳು
ಅಪ್ಪನಿಗೆ 69. ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಮನೆಯಲ್ಲಿ ಕೂತು ಕೂತು ಮಂಕಾಗುತ್ತಿದ್ದಾರೆ ಅನ್ನಿಸಿ ನಾನೂ ಅಣ್ಣನೂ ಹಿರಿಯರ ಕ್ಲಾಸುಗಳಿಗೆ ಸೇರಿಸಿದೆವು. ಮೊದಲು ಚಿತ್ರಕಲೆ. ಆಮೇಲೆ ಸ್ಮಾರ್ಟ್‌ಫೋನ್ ಬಳಸುವುದು ಹೇಗೆ ಅಂತ ಒಂದು. ಮೂರನೆಯದು ನೆನಪಿನ ಶಕ್ತಿ ಹೆಚ್ಚಿಸುವ ಆಟಗಳದ್ದು. ಮೂರನ್ನೂ ಬಿಟ್ಟರು.

ಕಾರಣ ಕೇಳಿದರೆ ಒಂದು ದಿನ "ಅಲ್ಲಿ ಕಲಿಯೋಕೆ ಏನಿದೆ?" ಅಂತಾರೆ. ಇನ್ನೊಂದು ದಿನ "ಅವರು ಹೇಳೋದೇ ಅರ್ಥ ಆಗಲ್ಲ" ಅಂತಾರೆ. ಎರಡೂ ಹೇಗೆ ನಿಜ ಆಗುತ್ತದೆ? ಏನೂ ಇಲ್ಲದ ಪಾಠ ಅರ್ಥ ಆಗದೇ ಇರುವುದು ಹೇಗೆ? ಅಮ್ಮ ಹೇಳುವ ಪ್ರಕಾರ ಇದು ಬರೀ ಹಟ. ನನಗೆ ಹಾಗನ್ನಿಸುತ್ತಿಲ್ಲ. ಇಂಥ ಕ್ಲಾಸಿಗೆ ಹೋಗುವವರು, ಕಲಿಸುವವರು ಯಾರಾದರೂ ಇದ್ದರೆ ಹೇಳಿ.

ಸುಮ್ನೆ ಓದುವವ
ಬಿಟ್ಟುಬಿಡಿ ಮೇಡಂ. ಜೀವನ ಪೂರ್ತಿ ಗಡಿಯಾರ ನೋಡಿಕೊಂಡು ದುಡಿದ ಮನುಷ್ಯ. ಈಗ ಅವರಿಗೆ ಮತ್ತೆ ವೇಳಾಪಟ್ಟಿ ಯಾಕೆ? ಮಕ್ಕಳನ್ನು ರಜೆಯಲ್ಲಿ ಬೇಸಿಗೆ ಶಿಬಿರಕ್ಕೆ ಅಟ್ಟುವ ಹಾಗೆ ಈಗ ಅಪ್ಪ ಅಮ್ಮಂದಿರನ್ನು ಅಟ್ಟುತ್ತಿದ್ದೇವೆ. ಅವರ ಪಾಡಿಗೆ ಅವರು ಇರಲಿ. ಕ್ಲಾಸಿಗೆ ಸೇರಿಸಿದ್ದು ನೀವು ಮತ್ತು ನಿಮ್ಮಣ್ಣ. ಅವರನ್ನು ಕೇಳಿದ್ದಿರಾ?

ಸಂಜೆ ಕ್ಲಾಸಿನವಳು
ನಾನು ಹಿರಿಯರಿಗೆ ಕಲಿಸುವವಳು. ಫೋನ್, ಕಂಪ್ಯೂಟರ್, ಒಮ್ಮೊಮ್ಮೆ ಚಿತ್ರ ಬಿಡಿಸುವುದು. ಮೇಲಿನವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಕೇಳದೇ ಸೇರಿಸಿದರೆ ಯಾರೂ ನಿಲ್ಲುವುದಿಲ್ಲ. ಆದರೆ "ಅವರ ಪಾಡಿಗೆ ಇರಲಿ" ಅನ್ನುವುದು ಸುಲಭದ ಉತ್ತರ.

ಫೋನ್ ಕ್ಲಾಸಿನಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಹೇಳುತ್ತೇನೆ, ನಿಮ್ಮ ಅಪ್ಪನಿಗೂ ಇದೇ ಆಯಿತಾ ನೋಡಿ. ವಯಸ್ಸಾದವರು ಐಕಾನ್ ಮೇಲೆ ಬೆರಳಿಟ್ಟಾಗ ಅರೆಕ್ಷಣ ಜಾಸ್ತಿ ಒತ್ತಿ ಹಿಡಿಯುತ್ತಾರೆ. ಸರಿಯಾಗಿ ಒತ್ತಿದೆನೋ ಇಲ್ಲವೋ ಅನ್ನುವ ಅನುಮಾನಕ್ಕೆ. ಫೋನ್ ಅದನ್ನು ಲಾಂಗ್ ಪ್ರೆಸ್ ಅಂದುಕೊಳ್ಳುತ್ತದೆ. ತೆರೆಯಬೇಕಾದ ಆಪ್ ತೆರೆಯುವುದಿಲ್ಲ. ಬದಲಿಗೆ ಏನೋ ಪಟ್ಟಿ ಬರುತ್ತದೆ, ಇಲ್ಲವೇ ಐಕಾನ್‌ಗಳು ಅಲ್ಲಾಡತೊಡಗುತ್ತವೆ. ಅವರು ಗಾಬರಿಯಾಗಿ ಮತ್ತೆ ಒತ್ತುತ್ತಾರೆ. ಇನ್ನೇನೋ ಆಗುತ್ತದೆ. ಅಷ್ಟರಲ್ಲಿ ಕಲಿಸುವ ಹುಡುಗ ಬಂದು "ಕೊಡಿ ಅಂಕಲ್, ನಾನು ಮಾಡಿಕೊಡ್ತೀನಿ" ಅಂತ ಫೋನ್ ಕಿತ್ತುಕೊಂಡು ಮೂರು ಸಲ ಪಟಪಟ ಒತ್ತಿ ವಾಪಸ್ ಕೊಡುತ್ತಾನೆ. ಕೆಲಸ ಆಯಿತು. ಕಲಿತದ್ದು ಏನೂ ಇಲ್ಲ. "ನನ್ನಿಂದ ಆಗಲ್ಲ" ಅನ್ನುವುದು ಮಾತ್ರ ಇನ್ನಷ್ಟು ಗಟ್ಟಿಯಾಯಿತು.

ಇದಕ್ಕೆ ಪರಿಹಾರ ಫೋನಿನೊಳಗೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅಂತ ಇರುತ್ತದೆ. ಎಷ್ಟು ಹೊತ್ತು ಹಿಡಿದರೆ ಲಾಂಗ್ ಪ್ರೆಸ್ ಅಂತ ಲೆಕ್ಕ ಹಿಡಿಯಬೇಕು ಅನ್ನುವುದನ್ನು ಅಲ್ಲಿ ಬದಲಿಸಬಹುದು. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಉಂಟು. ಅದನ್ನು ಜಾಸ್ತಿ ಮಾಡಿಟ್ಟರೆ ಅರ್ಧ ಗೊಂದಲ ಕಡಿಮೆ. ನನ್ನ ಕ್ಲಾಸಿನ ಮೊದಲ ಪಾಠವೇ ಅದು. ಎರಡನೆಯದು ನನಗೇ ಹಾಕಿಕೊಂಡ ನಿಯಮ: ಇನ್ನೊಬ್ಬರ ಫೋನನ್ನು ನಾನು ಮುಟ್ಟುವುದಿಲ್ಲ. ಬೇಕಾದರೆ ಹತ್ತು ನಿಮಿಷ ಹಿಡಿಯಲಿ, ಅವರ ಬೆರಳೇ ಒತ್ತಬೇಕು.

ಚಿತ್ರಕಲೆ ಕ್ಲಾಸಿನಲ್ಲಿ ಏನು ಮಾಡಿಸುತ್ತಿದ್ದರು? ಸ್ವಲ್ಪ ವಿವರ ಕೇಳಿ ಹೇಳಿ.

ನಡುವಿನ ಮಗಳು
ಫೋನಿನ ವಿಷಯ ಥೇಟ್ ಹಾಗೇ ಆಗಿದೆ. ಇವತ್ತು ಕೇಳಿದೆ. "ಅವನೇ ಎಲ್ಲಾ ಮಾಡಿಬಿಡ್ತಿದ್ದ, ನಾನು ಯಾಕೆ ಹೋಗಬೇಕು" ಅಂದರು.

ಚಿತ್ರಕಲೆಯಲ್ಲಿ ಮೊದಲೇ ಗೆರೆ ಹಾಕಿದ ಹಾಳೆ ಕೊಡುತ್ತಿದ್ದರಂತೆ. ಚಿಟ್ಟೆ, ಹೂಕುಂಡ, ಹೀಗೆ. ಒಳಗೆ ಬಣ್ಣ ತುಂಬಬೇಕು. ಯಾರು ಏನು ಮಾಡಿದರೂ ಟೀಚರ್ "ಸೂಪರ್" ಅನ್ನುತ್ತಿದ್ದರಂತೆ. ಅಪ್ಪ ಒಂದು ದಿನ ಬೇಕೆಂದೇ ಚಿಟ್ಟೆಗೆ ಪೂರ್ತಿ ಕಪ್ಪು ಬಳಿದರು. ಅದಕ್ಕೂ ಸೂಪರ್. ಅದೇ ಕೊನೆ, ಮತ್ತೆ ಹೋಗಲಿಲ್ಲ.

ಇದನ್ನು ಹೇಳುವಾಗ ಮಾತ್ರ ನಗುತ್ತಿದ್ದರು.

ಲೆಕ್ಕದ ಮೇಷ್ಟ್ರು
ನಿಮ್ಮ ತಂದೆಯವರ ಕಪ್ಪು ಚಿಟ್ಟೆಗೆ ನನ್ನ ಕಡೆಯಿಂದ ಪೂರ್ತಿ ಅಂಕ.

ಅವರು ಹೇಳಿದ "ಕಲಿಯೋಕೆ ಏನಿದೆ" ಅನ್ನುವುದನ್ನು ಹಟ ಅಂತ ತಳ್ಳಿಹಾಕಬೇಡಿ. ಅದರ ಹಿಂದೆ ಸಂಶೋಧನೆಯೂ ಇದೆ. ಅಮೆರಿಕದ ಡಲ್ಲಾಸ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಡೆನೀಸ್ ಪಾರ್ಕ್ ಅವರ ತಂಡ 60ರಿಂದ 90 ವಯಸ್ಸಿನವರನ್ನು ಬೇರೆ ಬೇರೆ ಗುಂಪು ಮಾಡಿ ಒಂದು ಪ್ರಯೋಗ ಮಾಡಿತು. 2014ರಲ್ಲಿ ಅದು ಪ್ರಕಟವಾಯಿತು. ಕೆಲವರಿಗೆ ಡಿಜಿಟಲ್ ಫೋಟೋಗ್ರಫಿ ಕಲಿಸಿದರು, ಕ್ಯಾಮೆರಾ ಮತ್ತು ಫೋಟೋ ತಿದ್ದುವ ಸಾಫ್ಟ್‌ವೇರ್ ಸಮೇತ. ಕೆಲವರಿಗೆ ಕೌದಿಯಂಥ ಕ್ವಿಲ್ಟ್ ಹೊಲಿಗೆ. ಇನ್ನು ಕೆಲವರಿಗೆ ಎರಡೂ. ಮತ್ತೊಂದು ಗುಂಪು ಒಟ್ಟಿಗೆ ಸೇರಿ ಹರಟೆ, ಆಟ, ಪ್ರವಾಸ ಅಂತ ಕಾಲ ಕಳೆಯಿತು. ಮೂರು ತಿಂಗಳು, ವಾರಕ್ಕೆ ಸುಮಾರು 15 ಗಂಟೆ. ಕೊನೆಗೆ ಪರೀಕ್ಷೆ ಮಾಡಿದಾಗ ಹೊಸ ವಿದ್ಯೆ ಕಲಿತವರಲ್ಲಿ, ಅದರಲ್ಲೂ ಫೋಟೋಗ್ರಫಿಯವರಲ್ಲಿ, ನೆನಪು ಸುಧಾರಿಸಿತ್ತು. ಸೇರಿ ಹರಟಿದವರಲ್ಲಿ ಅಂಥ ಸುಧಾರಣೆ ಕಾಣಲಿಲ್ಲ.

ವಾರಕ್ಕೆ 15 ಗಂಟೆ ಅನ್ನುವುದನ್ನು ಗಮನಿಸಿ. ವಾರಕ್ಕೊಂದು ಗಂಟೆ ಚಿಟ್ಟೆಗೆ ಬಣ್ಣ ಹಚ್ಚುವುದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ?

ಸುಮ್ನೆ ಓದುವವ
ಮೇಷ್ಟ್ರೇ, ಹಾಗಾದರೆ ಆ ಮೂರನೇ ಕ್ಲಾಸ್, ನೆನಪಿನ ಆಟದ್ದು? ಅದು ಕಷ್ಟವೇ ಇರುತ್ತದಲ್ಲ. ಅದನ್ನೂ ಬಿಟ್ಟರಲ್ಲ ಅವರು?

ಲೆಕ್ಕದ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ಕಷ್ಟ ಇದ್ದರೆ ಸಾಲದು, ಕಲಿತದ್ದು ಎಲ್ಲಿಗಾದರೂ ತಲುಪಬೇಕು. ಅಮೆರಿಕದಲ್ಲಿ ಆ್ಯಕ್ಟಿವ್ ಅನ್ನುವ ದೊಡ್ಡ ಪ್ರಯೋಗ ನಡೆಯಿತು. 65 ದಾಟಿದ 2,832 ಜನ. ಒಂದು ಗುಂಪಿಗೆ ನೆನಪಿನ ತರಬೇತಿ, ಒಂದಕ್ಕೆ ತರ್ಕದ್ದು, ಒಂದಕ್ಕೆ ವೇಗವಾಗಿ ನೋಡಿ ಗುರುತಿಸುವುದು. 2002ರಲ್ಲಿ ಮೊದಲ ಫಲಿತಾಂಶ ಬಂದಾಗ ಕಂಡದ್ದು ಇಷ್ಟು: ಯಾವುದನ್ನು ಅಭ್ಯಾಸ ಮಾಡಿಸಿದರೋ ಅದರಲ್ಲಿ ಚುರುಕಾದರು. ನೆನಪಿನ ತರಬೇತಿ ಪಡೆದವರು ತರ್ಕದಲ್ಲಿ ಮುಂದೆ ಹೋಗಲಿಲ್ಲ. ಆಟ ಆಡಿದರೆ ಹೆಚ್ಚಾಗಿ ಆ ಆಟವೇ ಚೆನ್ನಾಗಿ ಬರುತ್ತದೆ. 2016ರಲ್ಲಿ ಲುಮೋಸಿಟಿ ಅನ್ನುವ ಮೆದುಳಿನ ಆಟಗಳ ಕಂಪನಿ ಉತ್ಪ್ರೇಕ್ಷೆಯ ಜಾಹೀರಾತು ಕೊಟ್ಟಿತ್ತೆಂಬ ಆರೋಪದ ಮೇಲೆ, ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು.

ಭಾಷೆ ಕಲಿತರೆ ಒಂದು ಪತ್ರ ಓದಬಹುದು. ವಾದ್ಯ ಕಲಿತರೆ ನುಡಿಸಬಹುದು. ಪರದೆ ಮೇಲೆ ಹಾರುವ ಹಕ್ಕಿಗಳನ್ನು ಎಣಿಸಿದರೆ ಏನು ಮಾಡುತ್ತೀರಿ?

ಗುಬ್ಬಚ್ಚಿ ಅಜ್ಜಿ
ನನಗೆ 76. ಕೀಬೋರ್ಡ್ ಕಲಿಯುತ್ತಿದ್ದೇನೆ, ಸ್ವರಲಿಪಿ ನೋಡಿ ನುಡಿಸುವುದು. ಹಾಗಾಗಿ ನನಗೂ ಮಾತಾಡುವ ಹಕ್ಕಿದೆ.

ಮಗಾ, ನಿನ್ನ ಅಪ್ಪನ ಸಿಟ್ಟು ನನಗೆ ಅರ್ಥ ಆಗುತ್ತದೆ. ನನ್ನ ಮೊದಲ ಟೀಚರ್ ತುಂಬಾ ಒಳ್ಳೆಯ ಹುಡುಗಿ. ತಪ್ಪು ನುಡಿಸಿದರೂ "ಪರವಾಗಿಲ್ಲ ಅಜ್ಜಿ, ಈ ವಯಸ್ಸಲ್ಲಿ ಇಷ್ಟು ಮಾಡ್ತಿದ್ದೀರಲ್ಲ" ಅನ್ನುತ್ತಿದ್ದಳು. ಈ ವಯಸ್ಸಲ್ಲಿ! ಮೈ ಉರಿಯುತ್ತಿತ್ತು. ಈಗಿನವನು ಹಾಗಲ್ಲ. ನಿಲ್ಲಿಸುತ್ತಾನೆ. "ಎಡಗೈ ನಾಲ್ಕನೇ ಬೆರಳು ತಡ ಆಗ್ತಿದೆ. ಬರೀ ಆ ಎರಡು ತುಣುಕು ಮತ್ತೆ ನುಡಿಸಿ, ನಿಧಾನಕ್ಕೆ" ಅನ್ನುತ್ತಾನೆ. ಆ ಬೆರಳಿಗೆ ನನಗೆ ಸಂಧಿವಾತ. ಅದನ್ನು ಹೇಳಿದ ಮೇಲೆ ಬೆರಳಿನ ಕ್ರಮವನ್ನೇ ಬದಲಿಸಿಕೊಟ್ಟ. ನಾಲ್ಕನೆಯದರ ಕೆಲಸ ಮೂರನೆಯದಕ್ಕೆ. ಪಾಠ ಮಾತ್ರ ಸುಲಭ ಮಾಡಲಿಲ್ಲ. ಮರ್ಯಾದೆ ಅಂದರೆ ಇದು.

ಆದರೆ ಮೇಷ್ಟ್ರೇ, ಹರಟೆ ಗುಂಪನ್ನು ಅಷ್ಟು ಹಗುರವಾಗಿ ತಳ್ಳಬೇಡಿ. ನನ್ನ ಪಕ್ಕದ ಮನೆಯಾಕೆ ಬಣ್ಣ ತುಂಬುವ ಕ್ಲಾಸಿಗೇ ಹೋಗುತ್ತಾರೆ. ಗಂಡ ತೀರಿಕೊಂಡ ಮೇಲೆ ಮಾತಿಗೆ ಯಾರೂ ಇಲ್ಲ. ಅವರಿಗೆ ಬೇಕಾದ್ದು ಪಕ್ಕದ ಕುರ್ಚಿ. ಚಿಟ್ಟೆ ಬರೀ ನೆಪ. ನೆನಪಿನ ಪರೀಕ್ಷೆಯಲ್ಲಿ ಅಂಕ ಹೆಚ್ಚದಿದ್ದರೆ ಏನಂತೆ?

ಲೆಕ್ಕದ ಮೇಷ್ಟ್ರು
ಒಪ್ಪಿದೆ ಅಮ್ಮಾ. ನನ್ನ ತಕರಾರು ಇಷ್ಟೇ: ಪಕ್ಕದ ಕುರ್ಚಿಗಾಗಿ ಬಂದವರನ್ನೂ ಕಲಿಯಲು ಬಂದವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ "ಹಿರಿಯರ ಕ್ಲಾಸ್" ಅಂತ ಬೋರ್ಡ್ ಹಾಕುತ್ತಾರಲ್ಲ, ಅದು. 60 ದಾಟಿದ ಮಾತ್ರಕ್ಕೆ ಎಲ್ಲರೂ ಒಂದೇ ತರಗತಿಯಾ?

ಕಿವಿ ಪರೀಕ್ಷಕ
ಮೊದಲ ಪೋಸ್ಟಿನಲ್ಲಿ ಇನ್ನೊಂದು ಸಾಲಿತ್ತು. "ಅವರು ಹೇಳೋದೇ ಅರ್ಥ ಆಗಲ್ಲ." ಅದನ್ನು ಯಾರೂ ಹಿಡಿಯಲಿಲ್ಲವಲ್ಲ.

ನಾನು ಶ್ರವಣ ಪರೀಕ್ಷೆ ಮಾಡುವವನು. ಈ ಮಾತು ಕೇಳಿದ ಕೂಡಲೇ ನನಗೆ ಮೊದಲು ಬರುವ ಅನುಮಾನ ಕಿವಿಯದ್ದು. ವಯಸ್ಸಾದಾಗ ಎಲ್ಲ ಶಬ್ದವೂ ಒಂದೇ ಸಮ ಕಡಿಮೆ ಕೇಳಿಸುವುದಿಲ್ಲ. ಸಣ್ಣ, ತೀಕ್ಷ್ಣವಾದ ಶಬ್ದಗಳು ಮೊದಲು ಹೋಗುತ್ತವೆ. ಸ್ವರಗಳು ದಪ್ಪ, ಗಟ್ಟಿ. ಅವು ಕೇಳುತ್ತವೆ. ಸ, ಶ, ತ, ಕ ಇಂಥ ವ್ಯಂಜನಗಳು ತೆಳುವು. ಅವು ಜಾರಿಹೋಗುತ್ತವೆ. ಕಾಲು, ಸಾಲು, ಹಾಲು ಮೂರೂ "ಆಲು" ಅಂತಲೇ ಕೇಳುತ್ತದೆ. ಯಾರೋ ಮಾತಾಡುತ್ತಿದ್ದಾರೆ ಅನ್ನುವುದು ಗೊತ್ತು, ಏನು ಅನ್ನುವುದು ಗೊತ್ತಿಲ್ಲ. ಮನೆಯಲ್ಲಿ ಎದುರು ಕೂತವರ ತುಟಿ ನೋಡಿ, ಸಂದರ್ಭ ನೋಡಿ ಊಹಿಸಿಬಿಡುತ್ತಾರೆ. ಅದಕ್ಕೇ ಮನೆಯವರಿಗೆ ತಿಳಿಯುವುದಿಲ್ಲ. ಫ್ಯಾನ್ ತಿರುಗುವ, ಗೋಡೆಗೆ ಮಾತು ಮಾರ್ದನಿಸುವ ಕೋಣೆಯಲ್ಲಿ, ಬೋರ್ಡಿಗೆ ಮುಖ ಮಾಡಿ ಹೊಸ ವಿಷಯ ಹೇಳುವವರ ಮುಂದೆ ಊಹೆಯ ಆಟ ನಡೆಯುವುದಿಲ್ಲ.

ಇಂಥವರು "ನನಗೆ ಕೇಳಿಸಲ್ಲ" ಅನ್ನುವುದಿಲ್ಲ. "ಈಗಿನವರು ಗೊಣಗುತ್ತಾರೆ" ಅನ್ನುತ್ತಾರೆ. ಇಲ್ಲವೇ ಕ್ಲಾಸ್ ಚೆನ್ನಾಗಿಲ್ಲ ಅನ್ನುತ್ತಾರೆ.

ಜೋರಾಗಿ ಕೂಗಿದರೆ ಉಪಯೋಗ ಕಡಿಮೆ. ಕೂಗಿದಾಗ ಗಟ್ಟಿಯಾಗುವುದು ಮುಖ್ಯವಾಗಿ ಸ್ವರ. ವ್ಯಂಜನ ಅಲ್ಲೇ ಇರುತ್ತದೆ. ಕ್ಲಾಸ್ ನಡೆಸುವವರು ಬಾಯಿ ಹತ್ತಿರ ಮೈಕ್ ಹಿಡಿಯಲಿ, ಕುರ್ಚಿಗಳನ್ನು ಅರ್ಧ ವೃತ್ತದಲ್ಲಿ ಹಾಕಲಿ, ಪ್ರಶ್ನೆ ಕೇಳಿದವರ ಮಾತನ್ನು ಇನ್ನೊಮ್ಮೆ ಹೇಳಲಿ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಮರೆವಿನ ಕಾಯಿಲೆಗೆ ನಾವು ತಡೆಯಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಕಿವಿ ಮಂದವಾಗುವುದೂ ಒಂದು. ನಿಮ್ಮ ತಂದೆಯವರನ್ನು ಕ್ಲಾಸಿಗಿಂತ ಮೊದಲು ಶ್ರವಣ ಪರೀಕ್ಷೆಗೆ ಕರೆದುಕೊಂಡು ಹೋಗಿ.

ಸಂಜೆ ಕ್ಲಾಸಿನವಳು
ಕಣ್ಣಿನದ್ದೂ ಸೇರಿಸುತ್ತೇನೆ. ವಯಸ್ಸಾದಂತೆ ಕಣ್ಣಿನ ಪಾಪೆ ಅಷ್ಟಾಗಿ ಅಗಲ ಆಗುವುದಿಲ್ಲ, ಒಳಗಿನ ಮಸೂರ ಹಳದಿಯಾಗುತ್ತದೆ. ಕಡುನೀಲಿಯೂ ಕಪ್ಪೂ ಒಂದೇ ತರ ಕಾಣುತ್ತವೆ. ತಿಳಿ ಬೂದು ಅಕ್ಷರವನ್ನು ಬಿಳಿ ಹಿನ್ನೆಲೆ ಮೇಲೆ ಹಾಕುವ ಸ್ಲೈಡುಗಳನ್ನು ಕಂಡರೆ ನನಗೇ ಸಿಟ್ಟು ಬರುತ್ತದೆ. ಬೆಳಕು ಜಾಸ್ತಿ ಇರಲಿ, ಆದರೆ ಕಿಟಕಿಗೆ ಎದುರಾಗಿ ಕೂರಿಸಬೇಡಿ.

ವೇಳೆಯೂ ಮುಖ್ಯ. ಹೆಚ್ಚಿನ ಹಿರಿಯರಿಗೆ ಗಮನ ಚುರುಕಾಗಿರುವುದು ಬೆಳಗ್ಗೆ. ನನ್ನ ಹೆಸರು ನೋಡಿ ನಗಬೇಡಿ. ಸಂಜೆ ಕ್ಲಾಸ್ ಕೆಲಸಕ್ಕೆ ಹೋಗುವವರಿಗೆ. ಹಿರಿಯರದ್ದು ಬೆಳಗ್ಗೆ ಹತ್ತಕ್ಕೆ.

ಇನ್ನು ಕ್ಲಾಸುಗಳು ಯಾಕೆ ಸಪ್ಪೆ ಅನ್ನುವುದಕ್ಕೆ ನಡೆಸುವವರ ಕಡೆಯ ಮಾತು. ಅವರಿಗೆ ತಲೆ ಎಣಿಕೆ ಬೇಕು. ಕಷ್ಟ ಮಾಡಿದರೆ ಜನ ಬಿಡುತ್ತಾರೆ ಅನ್ನುವ ಭಯ. ಸುಲಭ ಮಾಡಿದರೂ ಬಿಡುತ್ತಾರೆ, ಆದರೆ ಸದ್ದಿಲ್ಲದೆ. ಅದು ಅವರ ಲೆಕ್ಕಕ್ಕೆ ಬರುವುದಿಲ್ಲ.

ಸುಮ್ನೆ ಓದುವವ
ಒಂದು ಅನುಮಾನ. ವಯಸ್ಸಾದ ಮೇಲೆ ನೆನಪು ನಿಲ್ಲುವುದಿಲ್ಲ ಅನ್ನುವುದು ನಿಜ ತಾನೇ? ನನಗೆ 58. ನಿನ್ನೆ ಓದಿದ್ದು ಇವತ್ತು ಇರುವುದಿಲ್ಲ. ಮತ್ತೆ ಈ ಕಲಿಕೆ ಎಲ್ಲಾ ಹೇಗೆ?

ಲೆಕ್ಕದ ಮೇಷ್ಟ್ರು
ಹೊಸದನ್ನು ಬೇಗ ಹಿಡಿಯುವ ವೇಗ ಕಡಿಮೆ ಆಗುತ್ತದೆ, ನಿಜ. ಆದರೆ ಪದಸಂಪತ್ತು, ವಿಷಯಜ್ಞಾನ ಬಹಳ ಕಾಲ ಉಳಿಯುತ್ತವೆ, ಬೆಳೆಯುತ್ತಲೂ ಇರುತ್ತವೆ. ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಇವನ್ನು ಎರಡು ಬೇರೆ ಬೇರೆ ಬುದ್ಧಿಶಕ್ತಿ ಅಂತಲೇ ವಿಂಗಡಿಸಿದರು. ಆದ್ದರಿಂದ ಗೊತ್ತಿರುವುದಕ್ಕೆ ಹೊಸದನ್ನು ಕಟ್ಟಿದರೆ ನಿಲ್ಲುತ್ತದೆ.

ಮತ್ತೆ, ನೀವು ಹೇಗೆ ಓದುತ್ತೀರಿ? ಮತ್ತೆ ಮತ್ತೆ ಓದುತ್ತೀರಿ, ಅಲ್ವಾ? ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರು 2006ರಲ್ಲಿ ಕಾಲೇಜು ಹುಡುಗರ ಮೇಲೆ ಮಾಡಿದ ಪ್ರಯೋಗ ಇದೆ. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದರೆ, ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆದು ನೋಡಿದವರು ಮುಂದೆ. ಓದಿ ಮುಚ್ಚಿಡಿ. ಮಾರನೆಯ ದಿನ ನೆನಪಾದಷ್ಟು ಬರೆಯಿರಿ. ಆಮೇಲೆ ತೆರೆದು ನೋಡಿ. ಹಿತವಾಗಿರುವುದಿಲ್ಲ, ಆದರೆ ಕೆಲಸ ಮಾಡುತ್ತದೆ.

ಗುಬ್ಬಚ್ಚಿ ಅಜ್ಜಿ
ಈ ತಮ್ಮನಿಗೆ 58ಕ್ಕೇ ಇಷ್ಟು ಚಿಂತೆ! ಕೀನ್ಯಾದಲ್ಲಿ ಕಿಮಾನಿ ಮರುಗೆ ಅನ್ನುವವರು 2004ರಲ್ಲಿ ಒಂದನೇ ತರಗತಿಗೆ ಸೇರಿದರು, 84ನೇ ವಯಸ್ಸಿನಲ್ಲಿ. ಯೂನಿಫಾರ್ಮ್ ಹಾಕಿಕೊಂಡು, ಚಿಕ್ಕ ಮಕ್ಕಳ ಜೊತೆ ಕೂತು. ಜಪಾನಿನಲ್ಲಿ ಮಸಾಕೋ ವಕಾಮಿಯಾ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕಂಪ್ಯೂಟರ್ ಹಿಡಿದು, 81ನೇ ವಯಸ್ಸಿನಲ್ಲಿ ಹಿನಾದಾನ್ ಅನ್ನುವ ಆಟದ ಆಪ್ ಮಾಡಿದರು. ಅದು 2017ರಲ್ಲಿ. ಯಾಕೆ ಗೊತ್ತಾ? ಹಿರಿಯರು ಯುವಕರನ್ನು ಸೋಲಿಸಬಹುದಾದ ಒಂದು ಆಟವೂ ಫೋನಿನಲ್ಲಿ ಇಲ್ಲ ಅಂತ. ಎಲ್ಲದರಲ್ಲೂ ವೇಗವೇ ಬೇಕಲ್ಲ. ಬೇಸರವನ್ನೇ ಬಂಡವಾಳ ಮಾಡಿಕೊಂಡರು ಆ ತಾಯಿ.

ನಡುವಿನ ಮಗಳು
ಎಲ್ಲರಿಗೂ ಥ್ಯಾಂಕ್ಸ್. ಶ್ರವಣ ಪರೀಕ್ಷೆ ಮಾಡಿಸಿದೆವು. ಕಿವಿ ಪರೀಕ್ಷಕರು ಹೇಳಿದ ಹಾಗೇ ಇದೆ. ಗ್ರಾಫ್‌ನಲ್ಲಿ ಎಡಗಡೆ, ಅಂದರೆ ದಪ್ಪ ಶಬ್ದಗಳ ಕಡೆ ಸರಿ. ಬಲಕ್ಕೆ, ತೀಕ್ಷ್ಣ ಶಬ್ದಗಳ ಕಡೆ ಹೋದಂತೆ ಇಳಿಜಾರು. ಶ್ರವಣ ಸಾಧನ ಪ್ರಯೋಗಕ್ಕೆ ಕೊಟ್ಟಿದ್ದಾರೆ. ಮೊದಲೆರಡು ದಿನ ಪಾತ್ರೆ ಸದ್ದು, ಪೇಪರ್ ಮಡಚುವ ಸದ್ದಿಗೆಲ್ಲ ಸಿಡಿಮಿಡಿ. ಈಗ ಸ್ವಲ್ಪ ಒಗ್ಗಿದೆ.

ಅಂದರೆ ಅವರು ಹೇಳಿದ ಎರಡೂ ನಿಜವೇ ಆಗಿತ್ತು. ಅರ್ಧ ಕೇಳಿಸುತ್ತಿರಲಿಲ್ಲ. ಕೇಳಿಸಿದ ಅರ್ಧದಲ್ಲಿ ಏನೂ ಇರಲಿಲ್ಲ. ಅಮ್ಮನಿಗೂ ಹೇಳಿದೆ.

ಈಗ ಮುಂದೇನು? "ನಿಮಗೆ ಏನು ಇಷ್ಟ" ಅಂತ ಕೇಳಿದರೆ "ಏನೂ ಇಲ್ಲ" ಅನ್ನುತ್ತಾರೆ.

ಸಂಜೆ ಕ್ಲಾಸಿನವಳು
ಹಾಗೆ ಕೇಳಬೇಡಿ. ಆ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಯಾರೂ ಹೇಳದೆಯೇ ಕೈ ಯಾವುದಕ್ಕೆ ಹೋಗುತ್ತದೆ ನೋಡಿ.

ನಡುವಿನ ಮಗಳು
ಗಡಿಯಾರ! ಮನೆಯಲ್ಲಿ ಕೆಟ್ಟ ಗಡಿಯಾರ ಇದ್ದರೆ ಬಿಚ್ಚಿಡುತ್ತಾರೆ. ಕೀಲಿ ಕೊಡುವ ಹಳೆಯದಾದರೆ ರಿಪೇರಿಯೂ ಆಗುತ್ತದೆ. ಬ್ಯಾಟರಿಯದ್ದಾದರೆ "ಇದರೊಳಗೆ ಏನಿದೆಯೋ ಗೊತ್ತಾಗಲ್ಲ" ಅಂತ ಮುಚ್ಚಿಟ್ಟುಬಿಡುತ್ತಾರೆ. ಇದನ್ನು ನಾವು ಯಾರೂ ಕಲಿಕೆ ಅಂದುಕೊಂಡೇ ಇರಲಿಲ್ಲ.

ಲೆಕ್ಕದ ಮೇಷ್ಟ್ರು
ಸಿಕ್ಕಿತು ನೋಡಿ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟೀನ್ ಪೋಸ್ಟ್ಮಾ ಅನ್ನುವವರು ರಿಪೇರಿ ಕೆಫೆ ಶುರು ಮಾಡಿದರು. ಜನ ಕೆಟ್ಟ ವಸ್ತು ತರುತ್ತಾರೆ. ಬಲ್ಲವರು ಪಕ್ಕದಲ್ಲಿ ಕೂತು, ತಂದವರ ಜೊತೆ ಸೇರಿಯೇ ಬಿಚ್ಚಿ ಸರಿಮಾಡುತ್ತಾರೆ. ಈಗ ಅದು ಎಷ್ಟೋ ದೇಶಗಳಿಗೆ ಹಬ್ಬಿದೆ. ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ ಮೆನ್ಸ್ ಶೆಡ್ ಅಂತ, ಗಂಡಸರು ಸೇರಿ ಕೈಗೆಲಸ ಮಾಡುವ ಕಾರ್ಯಾಗಾರ ನಡೆಯುತ್ತಿದೆ. ಗಂಡಸರು ಎದುರು ಬದುರು ಕೂತು ಮನಸ್ಸು ಬಿಚ್ಚುವುದು ಕಡಿಮೆ, ಒಂದೇ ಬೆಂಚಿನ ಮೇಲೆ ಏನಾದರೂ ಮಾಡುತ್ತಾ ಇದ್ದರೆ ಮಾತು ತಾನಾಗಿ ಬರುತ್ತದೆ ಅನ್ನುವ ಯೋಚನೆ ಅದರ ಹಿಂದೆ. ಹಿರಿಯರ ಕ್ಲಾಸುಗಳಲ್ಲಿ ಗಂಡಸರು ಕಡಿಮೆ ಇರುತ್ತಾರೆ. ಅದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಇನ್ನೊಂದು ಮಾದರಿಯೂ ಇದೆ. 1973ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಪಿಯೆರ್ ವೆಲ್ಲಾಸ್ ಅನ್ನುವ ಕಾನೂನು ಪ್ರಾಧ್ಯಾಪಕರು ನಿವೃತ್ತರಿಗಾಗಿ ಮೂರನೇ ವಯಸ್ಸಿನ ವಿಶ್ವವಿದ್ಯಾಲಯ ಶುರು ಮಾಡಿದರು. ಅಲ್ಲಿ ಪ್ರಾಧ್ಯಾಪಕರೇ ಪಾಠ ಹೇಳುತ್ತಿದ್ದರು. 1980ರ ದಶಕದ ಆರಂಭದಲ್ಲಿ ಅದು ಬ್ರಿಟನ್ನಿಗೆ ಹೋದಾಗ ಇತಿಹಾಸಕಾರ ಪೀಟರ್ ಲಾಸ್ಲೆಟ್ ಮತ್ತು ಜೊತೆಗಾರರು ಅದನ್ನು ತಿರುಗಿಸಿ ಹಾಕಿದರು. ಹೊರಗಿನ ಮೇಷ್ಟ್ರು ಬೇಡ. ಕಲಿಸುವವರೂ ಸದಸ್ಯರೇ, ಕಲಿಯುವವರೂ ಸದಸ್ಯರೇ. ಪರೀಕ್ಷೆ ಇಲ್ಲ, ಪದವಿ ಇಲ್ಲ. ಇವತ್ತು ಭೂವಿಜ್ಞಾನ ಕಲಿಯುವವರು ನಾಳೆ ಹೊಲಿಗೆ ಕಲಿಸಬಹುದು. ಆರೇಳು ಜನ ಸಿಕ್ಕರೆ ಯಾರ ಮನೆಯಲ್ಲಾದರೂ ನಡೆಯುತ್ತದೆ. ನಿಮ್ಮ ತಂದೆ ಕೀಲಿ ಗಡಿಯಾರ ಕಲಿಸಲಿ, ಇನ್ಯಾರಾದರೂ ಅವರಿಗೆ ಎಲೆಕ್ಟ್ರಾನಿಕ್ಸ್ ಕಲಿಸಲಿ.

ನಡುವಿನ ಮಗಳು
ಇದನ್ನು ಓದಿ ಹೇಳಿದೆ. "ಕಲಿಸೋದೆಲ್ಲ ಬೇಡ" ಅಂದರು. ಸ್ವಲ್ಪ ಹೊತ್ತಾದ ಮೇಲೆ ಬಂದು "ಆ ಮೇಷ್ಟ್ರನ್ನ ಕೇಳು, ಬ್ಯಾಟರಿ ಗಡಿಯಾರಕ್ಕೆ ಸೆಕೆಂಡ್ ಹೇಗೆ ಗೊತ್ತಾಗುತ್ತೆ? ಪೆಂಡುಲಮ್ ಇಲ್ವಲ್ಲ" ಅಂದರು. ಕೇಳುತ್ತಿದ್ದೇನೆ 🙂

ಲೆಕ್ಕದ ಮೇಷ್ಟ್ರು
ಒಳಗೆ ಕ್ವಾರ್ಟ್ಜ್ ಹರಳಿದೆ. ವಿದ್ಯುತ್ ಹಾಯಿಸಿದರೆ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದೇ ಪೆಂಡುಲಮ್ ಅನ್ನಿ. ಪಕ್ಕದ ಚಿಪ್ ಆ ಸಂಖ್ಯೆಯನ್ನು ಅರ್ಧ ಮಾಡುತ್ತದೆ, ಅದರ ಅರ್ಧ ಮಾಡುತ್ತದೆ, ಹೀಗೆ 15 ಸಲ. ಲೆಕ್ಕಪತ್ರದವರಲ್ಲವೇ, ಕಾಗದದ ಮೇಲೆ ಮಾಡಿ ನೋಡಲು ಹೇಳಿ. ಕೊನೆಗೆ ಎಷ್ಟು ಉಳಿಯುತ್ತದೆ ಅನ್ನುವುದನ್ನು ನಾನು ಹೇಳುವುದಿಲ್ಲ.

ಸುಮ್ನೆ ಓದುವವ
ನಾನೂ ಮಾಡಿ ನೋಡಿದೆ. ಸರಿಯಾಗಿ 1 ಬಂತು! ಆದರೆ ಅಷ್ಟು ಸುತ್ತಿ ಬರುವುದು ಯಾಕೆ ಮೇಷ್ಟ್ರೇ? ನೇರವಾಗಿ ಸೆಕೆಂಡಿಗೆ ಒಂದೇ ಸಲ ಕಂಪಿಸುವ ಹರಳು ಯಾಕಿಲ್ಲ?

ಲೆಕ್ಕದ ಮೇಷ್ಟ್ರು
ನಿಧಾನಕ್ಕೆ ಕಂಪಿಸಬೇಕಾದರೆ ಹರಳು ದೊಡ್ಡದಾಗಬೇಕು. ಕೈಗಡಿಯಾರದಲ್ಲಿ ಹಿಡಿಸುವುದಿಲ್ಲ. ತೀರಾ ವೇಗವಾಗಿ ಕಂಪಿಸಿದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಈ ಸಂಖ್ಯೆ ಎರಡರ ನಡುವಿನ ಹೊಂದಾಣಿಕೆ. ನಿಮ್ಮ ಹತ್ತಿರ ಹಳೇ ಗೋಡೆ ಗಡಿಯಾರ ಇದ್ದರೆ ಬ್ಯಾಟರಿ ತೆಗೆದು ಹಿಂದಿನ ಮುಚ್ಚಳ ಬಿಚ್ಚಿ. ಅಕ್ಕಿಕಾಳಿಗಿಂತ ತುಸು ಉದ್ದದ, ಹೊಳೆಯುವ ಲೋಹದ ಕೊಳವೆ ಕಾಣುತ್ತದೆ. ಎರಡು ತೆಳು ಕಾಲು ಇರುತ್ತವೆ. ಅದನ್ನು ಬಗ್ಗಿಸಬೇಡಿ.